ಕಷ್ಟಕಾಲದ ಒಂದು ಮೊರೆ: ಬೊನಿಫಾಸಿಯೊ ಜಲಸಂಧಿಯಿಂದ ಮೈಸೂರಿನವರೆಗೆ

ದಾದರ್ ಪಶ್ಚಿಮದ ಗೋಖಲೆ ರಸ್ತೆಯಲ್ಲಿರುವ ಇಗರ್ಜಿಯನ್ನು ಮುಂಬಯಿಯ ಜನ ‘ಪೋರ್ಚುಗೀಸ್ ಚರ್ಚ್’ ಎಂದೇ ಕರೆಯುತ್ತಾರೆ. ಬಸ್ಸಿನ ನಿಲ್ದಾಣಕ್ಕೂ ಅದೇ ಹೆಸರು ರೂಢಿಯಲ್ಲಿದೆ. ಫ್ರಾನ್ಸಿಸ್ಕನ್ ಪಾದ್ರಿಗಳು 1596ರಲ್ಲಿ ಕಟ್ಟಿದ ಈ ಇಗರ್ಜಿಯ ಈಗಿನ ಕಟ್ಟಡ 1970ರ ದಶಕದ್ದು, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕಲ್ಪನೆ. ಆದರೆ ಅದರ ನಿಜವಾದ ಹೆಸರು ರಕ್ಷಣೆಯ ಮಾತೆಯ ದೇವಾಲಯ ಎಂಬುದು ಅಲ್ಲಿ ಇಳಿದು ಹತ್ತುವ ಬಹುಮಂದಿಗೆ ತಿಳಿದಿರಲಾರದು. ಹೆಸರಿನಲ್ಲೇ ಒಂದು ಮೊರೆ ಅಡಗಿದೆ. ನಾಲ್ಕು ಶತಮಾನಗಳ ಹಿಂದೆ ಕಡಲಿನ ಅಂಚಿನಲ್ಲಿ, ಜ್ವರ ಮತ್ತು ಬಿರುಗಾಳಿಗಳ ನಡುವೆ ಬದುಕಿದ್ದವರು ದೇವರಲ್ಲಿ ಕೇಳಿದ್ದು ಐಶ್ವರ್ಯವನ್ನಲ್ಲ, ಪಾರಾಗುವ ದಾರಿಯನ್ನು.

ದಾದರ್ ಎಂಬ ಈಗಿನ ಬಡಾವಣೆಯೂ ಒಂದು ವಿಪತ್ತಿನ ಕೂಸು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಓಣಿಯೊಂದರಲ್ಲಿ ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದರು. ನಗರ ತತ್ತರಿಸಿತು, ಲಕ್ಷಾಂತರ ಜನ ಊರು ಬಿಟ್ಟರು. ಇಕ್ಕಟ್ಟಿನ ಚಾಳುಗಳಿಗೆ ಗಾಳಿ ಬೆಳಕು ತರಬೇಕೆಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಗೊಂಡಿತು. ದಾದರ್, ಮಾಟುಂಗಾಗಳ ನೇರ ಬೀದಿಗಳೂ ಹಿಂದೂ ಕಾಲೊನಿ, ಪಾರ್ಸಿ ಕಾಲೊನಿಗಳೂ ಆ ಟ್ರಸ್ಟಿನ ಯೋಜನೆಯಿಂದ ಮೂಡಿದವು. ಅದೇ ಕಾಲದಲ್ಲಿ ಬೆಂಗಳೂರಿಗೂ ಪ್ಲೇಗು ಬಂತು. ಅಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಮುಂಬಯಿಯ ಕ್ರೈಸ್ತರು ಗಲ್ಲಿಗಳ ಮೂಲೆಯಲ್ಲಿ ಪ್ಲೇಗಿನ ಶಿಲುಬೆಗಳನ್ನು ನೆಟ್ಟರು. ಕನ್ನಡ ನಾಡಿನ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಶಿಲುಬೆ ಬೇರೆ, ಗುಡಿ ಬೇರೆ. ಕೇಳಿದ್ದು ಮಾತ್ರ ಒಂದೇ.

ಕಷ್ಟಕಾಲದಲ್ಲಿ ಮನುಷ್ಯ ಕಲ್ಲನ್ನು ನೆಡುವಂತೆಯೇ ಹಾಡನ್ನೂ ಕಟ್ಟುತ್ತಾನೆ. ಕಲ್ಲು ನೆಟ್ಟಲ್ಲೇ ಇರುತ್ತದೆ. ಹಾಡು ಹಾಗಲ್ಲ, ಅದಕ್ಕೆ ಕಾಲುಗಳಿವೆ. ಒಬ್ಬನ ಸಂಕಟದಲ್ಲಿ ಹುಟ್ಟಿದ ಹಾಡು ಸಮುದ್ರ ದಾಟಿ, ಭಾಷೆ ದಾಟಿ, ಮತ ದಾಟಿ ಇನ್ನೊಬ್ಬನ ಸಂಕಟಕ್ಕೆ ಒದಗುವುದುಂಟು. ಹಾಗೆ ಬಂದು ಕನ್ನಡದ್ದೇ ಆಗಿಹೋದ ಒಂದು ಕ್ರೈಸ್ತ ಪ್ರಾರ್ಥನೆಯ ಚರಿತ್ರೆಯನ್ನು ಇಲ್ಲಿ ನೋಡಬಹುದು. ಬಿ. ಎಂ. ಶ್ರೀಕಂಠಯ್ಯನವರ ‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನೆಯನ್ನು ಶಾಲೆಯಲ್ಲಿ ಕೈಮುಗಿದು ಹಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಅದು ಮೂಲದಲ್ಲಿ ಒಬ್ಬ ಆಂಗ್ಲ ಪಾದ್ರಿ ನಡುಗಡಲಿನಲ್ಲಿ ಬರೆದ ಹಾಡೆಂಬುದು ನೆನಪಿನಲ್ಲಿ ಉಳಿದಿರುವವರು ಕಡಿಮೆ. ಈ ಮರೆವು ಹೇಗೆ ಸಾಧ್ಯವಾಯಿತು ಎಂಬುದೇ ನನ್ನ ಪ್ರಶ್ನೆ.

ಮೊದಲು ಮೂಲದ ಕಥೆ. 1832ರ ಡಿಸೆಂಬರಿನಲ್ಲಿ ಆಕ್ಸ್‌ಫರ್ಡಿನ ಯುವ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ತನ್ನ ಗೆಳೆಯ ಹರೆಲ್ ಫ್ರೌಡ್ ಹಾಗೂ ಆತನ ತಂದೆಯೊಡನೆ ಮೆಡಿಟರೇನಿಯನ್ ಪ್ರವಾಸಕ್ಕೆ ಹೊರಟ. ಮುಂದಿನ ವಸಂತದಲ್ಲಿ ಗೆಳೆಯರು ಮರಳಿದರೂ ನ್ಯೂಮನ್ ಒಬ್ಬನೇ ಸಿಸಿಲಿ ದ್ವೀಪಕ್ಕೆ ಹಿಂದಿರುಗಿದ. ಅಲ್ಲಿ ಅವನಿಗೆ ವಿಷಮ ಜ್ವರ ಬಂತು. ಗುರುತಿಲ್ಲದ ಊರು, ತಿಳಿಯದ ಭಾಷೆ, ಜೊತೆಗೆ ಗೆನ್ನಾರೊ ಎಂಬ ಒಬ್ಬ ಸೇವಕ. ಸಾವು ಸಮೀಪಿಸಿತೆಂದು ಸುತ್ತಲಿನವರು ಭಾವಿಸಿದ್ದರು. ಜ್ವರದ ನಡುವೆಯೂ ತನಗೆ ಇಂಗ್ಲೆಂಡಿನಲ್ಲಿ ಮಾಡಬೇಕಾದ ಕೆಲಸವಿದೆ ಎಂದು ಅವನು ಹೇಳುತ್ತಿದ್ದನಂತೆ. ಚೇತರಿಸಿಕೊಂಡ ಮೇಲೆ ಪಲೆರ್ಮೊ ಬಂದರಿನಿಂದ ಮಾರ್ಸೇಲಿಗೆ ಕಿತ್ತಳೆ ಹಣ್ಣು ಸಾಗಿಸುವ ಹಾಯಿದೋಣಿಯೊಂದನ್ನು ಹತ್ತಿದ. ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವಿನ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ನಿಂತುಹೋಗಿ, ದೋಣಿ ಒಂದು ವಾರ ಅಲುಗದೆ ಕುಳಿತಿತು.

1833ರ ಜೂನ್ 16ರಂದು ನ್ಯೂಮನ್ ಮೂರು ಪದ್ಯಗಳ ಆ ಪ್ರಾರ್ಥನೆಯನ್ನು ಬರೆದ. ಬಿರುಗಾಳಿಯಲ್ಲಿ ಬರೆದದ್ದಲ್ಲ, ಗಾಳಿಯೇ ಇಲ್ಲದ ಹೊತ್ತಿನಲ್ಲಿ ಬರೆದದ್ದು ಎಂಬುದನ್ನು ಗಮನಿಸಬೇಕು. ಅಪಾಯಕ್ಕಿಂತ ಅಸಹಾಯಕತೆಯೇ ಅಲ್ಲಿನ ಕಷ್ಟ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪದ್ಯದ ಭಾವವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಸುತ್ತ ಕತ್ತಲಿದೆ, ಮನೆ ಹತ್ತಿರವಿಲ್ಲ, ದೂರದ ನೋಟವನ್ನು ನಾನು ಕೇಳುವುದಿಲ್ಲ, ಈಗ ಇಡಬೇಕಾದ ಒಂದು ಹೆಜ್ಜೆ ಕಂಡರೆ ಸಾಕು. ಎರಡನೆಯ ಪದ್ಯದಲ್ಲಿ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಬೇಕೆಂಬ ಹಿಂದಿನ ಹಮ್ಮಿನ ನಿವೇದನೆ. ಮೂರನೆಯದರಲ್ಲಿ ಇರುಳು ಕಳೆಯುವವರೆಗೂ ಆ ಶಕ್ತಿ ತನ್ನನ್ನು ನಡೆಸುವುದೆಂಬ ಭರವಸೆ.

ಪದ್ಯ 1834ರಲ್ಲಿ ‘ಬ್ರಿಟಿಷ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಮನ್ ಮುಂದೆ ಅದಕ್ಕಿಟ್ಟ ಹೆಸರು ‘ದಿ ಪಿಲ್ಲರ್ ಆಫ್ ದಿ ಕ್ಲೌಡ್’, ಮೇಘಸ್ತಂಭ ಎಂದು. ಈಜಿಪ್ಟಿನಿಂದ ಹೊರಬಿದ್ದ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ದೇವರು ಹಗಲು ಮೇಘಸ್ತಂಭವಾಗಿ, ಇರುಳು ಅಗ್ನಿಸ್ತಂಭವಾಗಿ ದಾರಿ ತೋರಿದ ಬೈಬಲ್ಲಿನ ಕಥೆಯ ನೆನಪು ಅದು. ಲೋಕ ಮಾತ್ರ ಆ ಹೆಸರನ್ನು ಬಿಟ್ಟು, ಮೊದಲ ಮಾತುಗಳಿಂದಲೇ ‘ಲೀಡ್, ಕೈಂಡ್ಲಿ ಲೈಟ್’ ಎಂದು ಕರೆಯಿತು. 1865ರಲ್ಲಿ ಜಾನ್ ಬ್ಯಾಕಸ್ ಡೈಕ್ಸ್ ಎಂಬ ಪಾದ್ರಿ ಸಂಗೀತಗಾರ ಅದಕ್ಕೆ ರಾಗ ಹಾಕಿದ. ಹಾಡಿನ ಜನಪ್ರಿಯತೆಗೆ ಆ ರಾಗವೇ ಕಾರಣವೆಂದು ನ್ಯೂಮನ್ ಸ್ವತಃ ಹೇಳಿದ್ದುಂಟು. ಈ ನಡುವೆ 1845ರಲ್ಲಿ ಅವನು ಆಂಗ್ಲಿಕನ್ ಪಂಥವನ್ನು ತೊರೆದು ಕ್ಯಾಥೊಲಿಕನಾದ. 1879ರಲ್ಲಿ ಕಾರ್ಡಿನಲ್ ಆದ. 2019ರ ಅಕ್ಟೋಬರಿನಲ್ಲಿ ರೋಮಿನ ಸಭೆ ಅವನನ್ನು ಸಂತನೆಂದು ಘೋಷಿಸಿತು. ಬರೆದವನು ಪಂಥ ಬದಲಿಸಿದರೂ ಅವನ ಹಾಡನ್ನು ಪ್ರಾಟೆಸ್ಟಂಟ್ ಇಗರ್ಜಿಗಳು ಕೈಬಿಡಲಿಲ್ಲ. ಹಾಡು ಆಗಲೇ ಕರ್ತೃವಿನ ಕೈದಾಟಿ ಹೋಗಿತ್ತು.

ಅದು ಎಂಥೆಂಥ ಕತ್ತಲೆಗೆ ಹೋಯಿತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1909ರ ಫೆಬ್ರುವರಿ 16ರಂದು ಇಂಗ್ಲೆಂಡಿನ ಡರ್ಹಮ್ ಪ್ರಾಂತದ ವೆಸ್ಟ್ ಸ್ಟ್ಯಾನ್ಲಿ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 168 ಮಂದಿ ಗಂಡಸರು, ಹುಡುಗರು ಸತ್ತರು. ಒಳಗೆ ಗಾಳಿ ಉಳಿದಿದ್ದ ಒಂದು ಮೂಲೆಯಲ್ಲಿ ಸಿಕ್ಕಿಕೊಂಡ ಸಣ್ಣ ಗುಂಪು ಕಗ್ಗತ್ತಲಲ್ಲಿ ಈ ಹಾಡನ್ನು ಹಾಡುತ್ತ ಕಾದಿತ್ತೆಂದು ಆ ಪ್ರಾಂತದ ಜನ ಇಂದಿಗೂ ನೆನೆಯುತ್ತಾರೆ. ಹಾಡಿದವರಲ್ಲಿ ಹಲವರು ಬದುಕಿ ಬಂದರು. ಆದರೆ 168 ಎಂಬ ಸಂಖ್ಯೆಯನ್ನು ಮರೆತು ಈ ಕಥೆಯನ್ನು ಹೇಳುವುದು ಅಪ್ರಾಮಾಣಿಕತೆಯಾದೀತು. ಹಾಡು ಗಣಿಯ ಬಾಗಿಲನ್ನು ತೆರೆಯಲಿಲ್ಲ. ತೆರೆಯುವವರು ಬರುವವರೆಗೆ ಕತ್ತಲೆಯನ್ನು ಸಹಿಸುವ ಬಲವನ್ನಷ್ಟೇ ಕೊಟ್ಟಿತು.

ಈಗ ಕನ್ನಡದ ಕಡೆಗೆ ಬರೋಣ. ಬಿ. ಎಂ. ಶ್ರೀ ಅವರಿಗಿಂತ ಬಹಳ ಮುಂಚೆಯೇ ಕನ್ನಡದಲ್ಲಿ ಕ್ರೈಸ್ತ ಗೀತೆಗಳಿದ್ದವು. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನ್ನಿನ ಮೂವರು, ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ನ್ಯೂಮನ್ನನ ಪದ್ಯ ಅಚ್ಚಾದ ವರ್ಷವೂ ಅದೇ. ಅವರ ಬೆನ್ನಿಗೆ 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದ. ಜರ್ಮನ್ ಭಾಷೆಯ ಭಕ್ತಿಗೀತೆಗಳ ದೊಡ್ಡ ಪರಂಪರೆ ಇವರ ರಕ್ತದಲ್ಲಿತ್ತು. ಬೈಬಲ್ಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಂಕಟದ ಮೊರೆಗಳು. ಆಳವಾದ ಕಷ್ಟದಿಂದ ದೇವರನ್ನು ಕೂಗುವ 130ನೆಯ ಕೀರ್ತನೆಯನ್ನು ಮಾರ್ಟಿನ್ ಲೂಥರ್ ಜರ್ಮನ್ ಹಾಡಾಗಿಸಿದ್ದ. ಮೂವತ್ತು ವರ್ಷಗಳ ಯುದ್ಧದಲ್ಲಿ, 1637ರ ಪಿಡುಗಿನ ನಡುವೆ ಸಾವಿರಾರು ಹೆಣಗಳನ್ನು ಮಣ್ಣುಮಾಡಿ, ತನ್ನ ಹೆಂಡತಿಯನ್ನೂ ಕಳೆದುಕೊಂಡ ಪಾದ್ರಿ ಮಾರ್ಟಿನ್ ರಿಂಕಾರ್ಟನ ಹಾಡುಗಳೂ ಆ ಪರಂಪರೆಯವೇ. ಇಂಥ ಹಾಡುಗಳನ್ನು ಅವರು ಜರ್ಮನ್ ರಾಗಗಳ ಸಮೇತ ಕನ್ನಡಕ್ಕೆ ತಂದರು.

ಈ ಗೀತೆಗಳನ್ನು ಹಗುರವಾಗಿ ಕಾಣಬಾರದು. ಮತಾಂತರದಿಂದ ಮನೆ, ಜಾತಿ, ಆಸ್ತಿ ಎಲ್ಲವನ್ನೂ ಕಳೆದುಕೊಂಡು ಹೊರಬಿದ್ದವರು ಅವನ್ನು ಹಾಡಿದ್ದರು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಧಾರವಾಡ, ಬಳ್ಳಾರಿ, ಬಿಜಾಪುರ ಪ್ರದೇಶಗಳೂ ಮೈಸೂರು ಸಂಸ್ಥಾನವೂ ಬೆಂದುಹೋದವು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಆ ಎರಡು ಅಂಕಿಗಳ ನಡುವಿನ ಕಂದರದಿಂದ ಎತ್ತಿಕೊಂಡು ಬಂದ ಮಕ್ಕಳು ಮಿಷನ್ನಿನ ಅನಾಥಾಲಯಗಳಲ್ಲಿ ಬೆಳೆದರು. 1914ರ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರ್ಕಾರ ಬಂಧನದಲ್ಲಿಟ್ಟಾಗ, ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಕೈತಪ್ಪಿದಾಗ, ಕರಾವಳಿಯ ಸಭೆಗಳಿಗೆ ಉಳಿದ ಆಸರೆಗಳಲ್ಲಿ ಹಾಡಿನ ಪುಸ್ತಕವೂ ಒಂದು. ಅವರ ಪಾಲಿಗೆ ಅವು ಆಮದು ಗೀತೆಗಳಲ್ಲ, ಅನ್ನದಷ್ಟೇ ಸ್ವಂತ.

ಆದರೂ ಒಂದು ಮಾತು ನಿಜ. ಆ ಗೀತೆಗಳು ಇಗರ್ಜಿಯ ಹೊಸ್ತಿಲನ್ನು ದಾಟಿ ಸಮಸ್ತ ಕನ್ನಡಿಗರ ನಾಲಿಗೆಗೆ ಬರಲಿಲ್ಲ. ಮತದ ಗೋಡೆ ಒಂದು ಕಾರಣ. ಛಂದಸ್ಸು ಇನ್ನೊಂದು. ಜರ್ಮನ್ ರಾಗದ ಅಳತೆಗೆ ಕನ್ನಡದ ಮಾತನ್ನು ಕೂರಿಸಿದಾಗ ನಮ್ಮ ಹ್ರಸ್ವ ದೀರ್ಘಗಳು ತಮ್ಮ ಸಹಜ ನಡಿಗೆಯನ್ನು ಕಳೆದುಕೊಳ್ಳುತ್ತವೆ. ಇದನ್ನು ಚೆನ್ನಾಗಿ ಬಲ್ಲವನು ಫರ್ಡಿನೆಂಡ್ ಕಿಟೆಲ್. 1894ರ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ನಮಗೆ ಚಿರಪರಿಚಿತನಾದ ಕಿಟೆಲ್ 1862ರಲ್ಲಿಯೇ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಕ್ರಿಸ್ತನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ್ದ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ್ದ. ದಾರಿ ಯಾವುದೆಂದು ಅವನಿಗೆ ಕಂಡಿತ್ತು. ಆದರೆ ಆ ದಾರಿಯಲ್ಲಿ ಜನ ನಡೆಯಲು ಇನ್ನೂ ಆರು ದಶಕಗಳು ಬೇಕಾದವು.

ಇಲ್ಲಿ ಒಂದು ಎದುರುಬದಿರಿನ ವಿನಿಮಯವನ್ನು ನೆನೆಯಬೇಕು. ಕ್ರೈಸ್ತ ಗೀತೆಗಳನ್ನು ಹಾಡಿಸಿದ ಅದೇ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಿಂದ ‘ದಾಸರ ಪದಗಳು’ ಎಂಬ ಸಂಗ್ರಹವನ್ನು ಮುದ್ರಿಸಿದ. ಪುರಂದರ, ಕನಕ ಮೊದಲಾದವರ ಪದಗಳು ಭಜನೆಯ ಕಟ್ಟೆಯಿಂದ ಅಚ್ಚಿನ ಪುಟಕ್ಕೆ ಬಂದದ್ದರಲ್ಲಿ ಅದು ಆರಂಭದ ಹೆಜ್ಜೆ. ಅವುಗಳಲ್ಲಿ ಕೆಲವನ್ನು ಅವನು ಜರ್ಮನ್ ಭಾಷೆಗೂ ತಂದ. ದಾಸರ ಪದಗಳಲ್ಲಿ ಹಿರಿದಾದ ಭಾಗ ಮೊರೆಯೇ: ಸಂಸಾರದ ಸುಳಿಯಲ್ಲಿ ಸಿಕ್ಕವನು ಹರಿಯನ್ನು ಕೂಗುವ ಕೂಗು. ಬೈಬಲ್ಲಿನ ‘ಸಾಮ್ಸ್’ ಕನ್ನಡದಲ್ಲಿ ‘ಕೀರ್ತನೆಗಳು’ ಎಂಬ ಹೆಸರನ್ನೇ ಪಡೆದುದೂ ಆಕಸ್ಮಿಕವಲ್ಲ. ದಾವೀದನ ಕೂಗಿಗೂ ದಾಸರ ಕೂಗಿಗೂ ಕನ್ನಡ ಒಂದೇ ಪದವನ್ನು ಕೊಟ್ಟಿತು. ಪಾದ್ರಿಯೊಬ್ಬ ದಾಸರ ಮೊರೆಯನ್ನು ಅಚ್ಚುಹಾಕಿಸಿದ. ಮುಕ್ಕಾಲು ಶತಮಾನದ ಬಳಿಕ ಮೈಸೂರಿನ ಬ್ರಾಹ್ಮಣ ಪ್ರಾಧ್ಯಾಪಕರೊಬ್ಬರು ಪಾದ್ರಿಯ ಮೊರೆಯನ್ನು ಕನ್ನಡಿಗರ ಬಾಯಿಗೆ ಕೊಟ್ಟರು. ಸಾಲ ತೀರಿತೆಂದು ಹೇಳುವುದಕ್ಕಿಂತ, ಇಬ್ಬರೂ ಒಂದೇ ಬಾವಿಯಿಂದ ನೀರು ಸೇದಿದರು ಎನ್ನುವುದು ಸರಿ.

ಬಿ. ಎಂ. ಶ್ರೀ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದವರು. 1911ರಲ್ಲಿ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಅವರು ಮಾಡಿದ ಭಾಷಣದ ವಿಷಯವೇ ‘ಕನ್ನಡ ಮಾತು ತಲೆಯೆತ್ತುವ ಬಗೆ’. ಅನ್ಯಭಾಷೆಯ ಕಾವ್ಯವನ್ನು ಕನ್ನಡಕ್ಕೆ ತರುವುದನ್ನು ಅವರು ಅನುಕರಣೆಯೆಂದು ಬಗೆಯಲಿಲ್ಲ. ಒಣಗಿದ ಹೊಲಕ್ಕೆ ಕಾಲುವೆ ತೆಗೆಯುವ ಕೆಲಸವೆಂದು ಬಗೆದರು. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ಯಂಥ ಪ್ರಯತ್ನಗಳು ಅವರಿಗಿಂತ ಮೊದಲೇ ನಡೆದಿದ್ದವು. ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸದ ಕಟ್ಟನ್ನು ಅದಾಗಲೇ ಬಿಟ್ಟಿದ್ದರು. 1926ರ ಹೊತ್ತಿಗೆ ಪುಸ್ತಕವಾಗಿ ಜನರ ಕೈಸೇರಿದ ಬಿ. ಎಂ. ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಈ ಎಲ್ಲ ತೊರೆಗಳನ್ನು ಒಂದು ಹೊಳೆಯಾಗಿಸಿತು. ನ್ಯೂಮನ್ನನ ಪ್ರಾರ್ಥನೆ ಅವರ ಆ ಅನುವಾದಗಳಲ್ಲಿ ಒಂದು.

ಅವರು ಮಾಡಿದ್ದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂಗ್ಲಿಷ್ ಮೂಲದಲ್ಲಿ ಹತ್ತು ಅಕ್ಷರಗಳ ಉದ್ದ ಸಾಲೂ ನಾಲ್ಕು ಅಕ್ಷರಗಳ ಗಿಡ್ಡ ಸಾಲೂ ಒಂದರ ಬೆನ್ನಿಗೊಂದು ಬರುತ್ತವೆ. ಉದ್ದ ಸಾಲು ದಾರಿ, ಗಿಡ್ಡ ಸಾಲು ನಿಂತು ಕೇಳುವ ಕೋರಿಕೆ. ಬಿ. ಎಂ. ಶ್ರೀ ಆ ಅಕ್ಷರಗಳ ಲೆಕ್ಕವನ್ನು ತರಲಿಲ್ಲ. ಐದು ಮಾತ್ರೆಗಳ ಗಣವನ್ನು ಆರಿಸಿಕೊಂಡರು. ವಾರ್ಧಕ ಷಟ್ಪದಿಯಲ್ಲಿ ಬರೆದ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಗಮಕಿಗಳ ಬಾಯಿಂದ ಕೇಳಿದ ಕಿವಿಗೆ ಈ ನಡೆ ಹೊಸದಲ್ಲ. ಆದರೆ ಷಟ್ಪದಿಯ ಪ್ರಾಸವನ್ನೂ ಆರು ಸಾಲಿನ ಚೌಕಟ್ಟನ್ನೂ ಕಳಚಿಟ್ಟು, ಗಣವನ್ನು ಮಾತ್ರ ಉಳಿಸಿಕೊಂಡು, ಕೋರಿಕೆ ಮತ್ತೆ ಮತ್ತೆ ಮರಳಿ ಬರುವಂತೆ ಸಾಲುಗಳನ್ನು ಕಟ್ಟಿದರು. ಕಿವಿ ಹಳೆಯದನ್ನು ಗುರುತಿಸಿತು, ಮನಸ್ಸು ಹೊಸದನ್ನು ಕೇಳಿತು.

ಎರಡನೆಯ ಬದಲಾವಣೆ ಇನ್ನೂ ಸೂಕ್ಷ್ಮವಾದದ್ದು. ನ್ಯೂಮನ್ನನ ಬೆಳಕು ಮುಂದೆ ಹೋಗುತ್ತದೆ, ಭಕ್ತ ಹಿಂದೆ ನಡೆಯುತ್ತಾನೆ. ಮರುಭೂಮಿಯ ಅಗ್ನಿಸ್ತಂಭದ ಚಿತ್ರ ಅದು. ನಡುವೆ ಒಂದು ಅಂತರವಿದೆ. ಕನ್ನಡದಲ್ಲಿ ಆ ಅಂತರ ಇಲ್ಲವಾಗುತ್ತದೆ. ಬಿ. ಎಂ. ಶ್ರೀ ಬೆಳಕಿಗೆ ಒಂದು ಕೈಯನ್ನು ಕೊಟ್ಟರು. ಮೂಲದಲ್ಲಿ ಇಲ್ಲದ ಈ ಕೈ ಎಲ್ಲಿಂದ ಬಂತು? ನಮ್ಮ ನುಡಿಗಟ್ಟಿನಿಂದಲೇ. ಕನ್ನಡದಲ್ಲಿ ದೇವರು ಭಕ್ತನನ್ನು ಕೈಹಿಡಿಯುತ್ತಾನೆ, ಇಲ್ಲವೇ ಕೈಬಿಡುತ್ತಾನೆ. ಆಪತ್ತಿನಲ್ಲಿ ನೆರವಾದವನು ಕೈಹಿಡಿದವನು, ಮದುವೆಯಾದವನೂ ಕೈಹಿಡಿದವನೇ. ಬೆಳಕಿಗೆ ಕೈ ಬಂದೊಡನೆ ಅದು ದೂರದ ಜ್ಯೋತಿಯಾಗಿ ಉಳಿಯದೆ, ಜಾತ್ರೆಯ ಗದ್ದಲದಲ್ಲಿ ಮಗುವನ್ನು ಹಿಡಿದು ನಡೆಸುವ ತಾಯಿಯಂತೆ ಹತ್ತಿರವಾಯಿತು. ಅನುವಾದ ಮೂಲದಿಂದ ಸರಿದದ್ದು ಇಲ್ಲಿಯೇ; ಕನ್ನಡದ್ದಾದದ್ದೂ ಇಲ್ಲಿಯೇ.

ಆಶ್ಚರ್ಯವೆಂದರೆ, ಇದೇ ಕೈಯನ್ನು ಕೆಲವೇ ವರ್ಷಗಳಲ್ಲಿ ಲೋಕದ ಇನ್ನೊಂದು ತುದಿಯಲ್ಲಿ ಬೇರೊಬ್ಬನೂ ಕೇಳಿದ. ಅಮೆರಿಕದ ಕಪ್ಪು ಜನರ ಗಾಸ್ಪೆಲ್ ಸಂಗೀತದ ಪಿತಾಮಹನೆಂದು ಹೆಸರಾದ ಥಾಮಸ್ ಡಾರ್ಸಿ ಅದಕ್ಕೆ ಮೊದಲು ಬ್ಲೂಸ್ ಪಿಯಾನೊ ವಾದಕನಾಗಿದ್ದವನು. 1932ರ ಆಗಸ್ಟಿನಲ್ಲಿ ಅವನು ಸೇಂಟ್ ಲೂಯಿಸ್ ನಗರದಲ್ಲಿ ಹಾಡಲು ಹೋಗಿದ್ದಾಗ ಶಿಕಾಗೊದಿಂದ ತಂತಿ ಬಂತು: ಹೆರಿಗೆಯಲ್ಲಿ ಹೆಂಡತಿ ನೆಟ್ಟಿ ತೀರಿಕೊಂಡಿದ್ದಳು. ಮಗುವೂ ಉಳಿಯಲಿಲ್ಲ. ಕೆಲವು ದಿನಗಳ ಅನಂತರ ಪಿಯಾನೊ ಮುಂದೆ ಕುಳಿತು ಅವನು ಹಳೆಯ ರಾಗವೊಂದಕ್ಕೆ ಹೊಸ ಮಾತು ಹೊಂದಿಸಿದ. ‘ಪ್ರೆಷಸ್ ಲಾರ್ಡ್, ಟೇಕ್ ಮೈ ಹ್ಯಾಂಡ್’ ಎಂಬ ಆ ಹಾಡು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಪ್ರಿಯವಾಗಿತ್ತು. 1968ರ ಏಪ್ರಿಲ್ 4ರ ಸಂಜೆ ಮೆಂಫಿಸಿನಲ್ಲಿ, ಗುಂಡು ತಗಲುವ ಕೆಲವೇ ಕ್ಷಣಗಳ ಮೊದಲು, ಆ ರಾತ್ರಿಯ ಸಭೆಯಲ್ಲಿ ಅದನ್ನು ನುಡಿಸಬೇಕೆಂದು ಅವರು ವಾದಕನನ್ನು ಕೇಳಿಕೊಂಡಿದ್ದರು. ಅವರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಜಾಕ್ಸನ್ ಅದನ್ನು ಹಾಡಿದರು. ಮೈಸೂರಿನ ಪ್ರಾಧ್ಯಾಪಕರೂ ಶಿಕಾಗೊದ ವಾದಕನೂ ಒಬ್ಬರನ್ನೊಬ್ಬರು ಅರಿತವರಲ್ಲ. ಸಂಕಟ ಇಬ್ಬರಿಗೂ ಒಂದೇ ರೂಪಕವನ್ನು ಕಲಿಸಿತು.

ಕನ್ನಡದಲ್ಲಿ ಈ ಪ್ರಾರ್ಥನೆ ಹರಡಲು ಇನ್ನೊಂದು ಗಾಳಿಯೂ ಬೀಸಿತು. 1908ರ ಫೆಬ್ರುವರಿ 10ರಂದು ಜೊಹಾನ್ಸ್‌ಬರ್ಗಿನ ಬೀದಿಯಲ್ಲಿ ಗಾಂಧೀಜಿಯವರ ಮೇಲೆ ಹಲ್ಲೆ ನಡೆಯಿತು. ಬ್ಯಾಪ್ಟಿಸ್ಟ್ ಪಾದ್ರಿ ಜೋಸೆಫ್ ಡೋಕ್ ಗಾಯಾಳುವನ್ನು ತಮ್ಮ ಮನೆಗೆ ಒಯ್ದು ಆರೈಕೆ ಮಾಡಿದರು. ಗಾಂಧೀಜಿ ಆ ಹಾಸಿಗೆಯಿಂದ ಮಾಡಿದ ಕೋರಿಕೆ, ಡೋಕ್ ಅವರ ಪುಟ್ಟ ಮಗಳು ಆಲಿವ್ ತಮಗಾಗಿ ನ್ಯೂಮನ್ನನ ಈ ಹಾಡನ್ನು ಹಾಡಬೇಕೆಂಬುದು. ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಕಥನದಲ್ಲಿ ಅವರು ಅದನ್ನು ಮಮತೆಯಿಂದ ನೆನೆದಿದ್ದಾರೆ. ಮುಂದೆ ಆಶ್ರಮದ ಪ್ರಾರ್ಥನೆಯಲ್ಲಿ ಈ ಹಾಡಿನ ಗುಜರಾತಿ ರೂಪ ಸ್ಥಾನ ಪಡೆಯಿತು. ಅದನ್ನು ರಚಿಸಿದವರು ನರಸಿಂಹರಾವ್ ದಿವೇಟಿಯಾ.

ದಿವೇಟಿಯಾ ಅವರ ವಿಷಯ ಮುಂಬಯಿಯ ಕನ್ನಡಿಗರಿಗೆ ಕುತೂಹಲಕರವಾದೀತು. ಪಾಲ್ಗ್ರೇವ್ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ ಸಂಕಲನದಿಂದ ಪ್ರೇರಿತರಾಗಿ ಅವರು 1887ರಲ್ಲಿ ‘ಕುಸುಮಮಾಲಾ’ ಪ್ರಕಟಿಸಿ ಗುಜರಾತಿ ಭಾವಗೀತೆಗೆ ಹೊಸ ದಾರಿ ತೆರೆದರು. ಬಿ. ಎಂ. ಶ್ರೀ ಕೂಡ ತಮ್ಮ ಅನೇಕ ಗೀತಗಳನ್ನು ಆರಿಸಿದ್ದು ಅದೇ ಸಂಕಲನದಿಂದ. ದಿವೇಟಿಯಾ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗುಜರಾತಿ ಬೋಧಿಸಿದರು. ಅವರ ತಂದೆ ಭೋಲಾನಾಥ ಸಾರಾಭಾಯಿ ಅಹಮದಾಬಾದಿನ ಪ್ರಾರ್ಥನಾ ಸಮಾಜದ ಸ್ಥಾಪಕರು. ಮಗ ನಲಿನಕಾಂತನ ಅಕಾಲ ಮರಣದ ಬಳಿಕ 1915ರಲ್ಲಿ ದಿವೇಟಿಯಾ ಬರೆದ ಶೋಕಕಾವ್ಯ ‘ಸ್ಮರಣಸಂಹಿತಾ’. ಕತ್ತಲೆಯಲ್ಲಿ ಬೆಳಕನ್ನು ಕೇಳುವ ಹಾಡು ಆ ಮನೆಗೆ ಪರಕೀಯವಾಗಿ ಕಂಡಿರಲಾರದು. ಇಂಗ್ಲಿಷ್ ಕಾವ್ಯದ ಒಂದೇ ಹೊತ್ತಗೆಯನ್ನು ಓದಿದ ಇಬ್ಬರು ಭಾರತೀಯರು ತಂತಮ್ಮ ನುಡಿಗೆ ಒಂದೇ ಪ್ರಾರ್ಥನೆಯನ್ನು ತಂದರೆಂಬುದು ನಮ್ಮ ನವೋದಯಗಳ ಒಳಸಂಬಂಧಕ್ಕೆ ಒಳ್ಳೆಯ ಸಾಕ್ಷಿ.

‘ಇಂಗ್ಲಿಷ್ ಗೀತಗಳು’ ಬಂದ 1926ರಲ್ಲಿಯೇ ಮುಂಬಯಿಯ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾಯಿತು ಎಂಬುದು ಕಾಕತಾಳೀಯವಾದರೂ ನೆನೆಯಲು ಹಿತ. ದಾದರಿನ ಮಗ್ಗುಲಿನ ಮಾಟುಂಗಾದಲ್ಲಿ ಅದು ಇಂದಿಗೂ ಇದೆ. ಆ ಕಾಲದ ಮುಂಬಯಿ ಕನ್ನಡಿಗ ಎಂದರೆ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತ ಊರಿಗೆ ಮನಿಆರ್ಡರ್ ಕಳಿಸುವ ಹುಡುಗ, ಗಿರಣಿಯ ಕೆಲಸಗಾರ, ಕಚೇರಿಯ ಗುಮಾಸ್ತ. ಮನೆ ದೂರವೆಂಬ ಮಾತು ಇವರಿಗೆ ರೂಪಕವಲ್ಲ, ರೈಲಿನ ಟಿಕೆಟಿನ ದರ. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತ ‘ಗೊಲ್ಗೊಥಾ’ ಖಂಡಕಾವ್ಯವನ್ನು 1937ರಲ್ಲಿಯೇ ಕೊಟ್ಟಿದ್ದವರು. ಮತ ಬದಲಿಸದೆಯೂ ಇನ್ನೊಂದು ಮತದ ದುಃಖವನ್ನು ತನ್ನದಾಗಿಸಿಕೊಳ್ಳುವ ಧೈರ್ಯ ಆ ತಲೆಮಾರಿನ ಕನ್ನಡಕ್ಕಿತ್ತು.

ಇಂಗ್ಲಿಷ್ ಎಂ. ಎ. ತರಗತಿಯಲ್ಲಿ ನಮಗೆ ನ್ಯೂಮನ್ ಪರಿಚಿತನಾದದ್ದು ಗದ್ಯಕಾರನಾಗಿ. ಈ ಪದ್ಯ ಅಲ್ಲಿ ಒಂದು ಅಡಿಟಿಪ್ಪಣಿಯಷ್ಟೇ ಆಗಿತ್ತು. ಅದರ ತೂಕ ತಿಳಿದದ್ದು 2020ರಲ್ಲಿ. ಮಾರ್ಚ್ ಕೊನೆಯ ವಾರದಲ್ಲಿ ಮುಂಬಯಿಯ ಲೋಕಲ್ ರೈಲುಗಳು ನಿಂತುಹೋದವು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಕೆಲವು ಗಾಡಿಗಳು ಹೊರಟು, ಜುಲೈಯಲ್ಲಿ ಕೇಂದ್ರ ಸರ್ಕಾರದ ನೌಕರರಿಗೂ ಅವಕಾಶ ದೊರೆಯಿತು. ಹೂವಿನ ಮಾರುಕಟ್ಟೆಯಿಲ್ಲದ ದಾದರ್ ಸೇತುವೆಯನ್ನು, ನೂಕುನುಗ್ಗಲಿಲ್ಲದ ಪ್ಲಾಟ್‌ಫಾರ್ಮನ್ನು ನಾವು ಆಗ ಕಂಡೆವು. ಮುಂದಿನ ತಿಂಗಳು ಏನಾಗುವುದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ದೂರದ ನೋಟ ಬೇಡ, ಒಂದು ಹೆಜ್ಜೆ ಕಂಡರೆ ಸಾಕೆಂಬ ಭಾವ ಕಾವ್ಯದ ವಿನಯವಲ್ಲ, ಆ ದಿನಗಳಲ್ಲಿ ಬದುಕುವ ಏಕೈಕ ಕ್ರಮ ಎಂದು ಆಗ ಅರ್ಥವಾಯಿತು. ಗಾಳಿ ನಿಂತ ಕಡಲಿನಲ್ಲಿ ಇಡೀ ನಗರವೇ ಕುಳಿತಿತ್ತು.

ಇಂಥ ಪ್ರಾರ್ಥನೆ ಮನುಷ್ಯನನ್ನು ನಿಷ್ಕ್ರಿಯಗೊಳಿಸುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ದೇವರು ನಡೆಸಲಿ ಎಂದು ಕೂತರೆ ನಡೆಯುವವರು ಯಾರು? ಚರಿತ್ರೆಯನ್ನೇ ಸಾಕ್ಷಿಗೆ ಕರೆಯೋಣ. ಹಾಡು ಬರೆದ ನ್ಯೂಮನ್ ಊರು ಸೇರಿದ ಕೆಲವೇ ದಿನಗಳಲ್ಲಿ, 1833ರ ಜುಲೈ 14ರಂದು, ಆಕ್ಸ್‌ಫರ್ಡಿನಲ್ಲಿ ಜಾನ್ ಕೀಬಲ್ಲನ ಪ್ರವಚನದೊಡನೆ ಆರಂಭವಾದ ಧಾರ್ಮಿಕ ಚಳವಳಿಗೆ ಧುಮುಕಿದ. ಹಾಡು ಕೇಳಿದ ಗಾಂಧೀಜಿ ಹಾಸಿಗೆಯಿಂದೆದ್ದು ಸತ್ಯಾಗ್ರಹಕ್ಕೆ ಮರಳಿದರು. ಡಾರ್ಸಿಯ ಹಾಡನ್ನು ಮೆಚ್ಚಿದ ಕಿಂಗ್ ಮೆಂಫಿಸಿಗೆ ಬಂದದ್ದು ಪೌರಕಾರ್ಮಿಕರ ಮುಷ್ಕರದ ಬೆಂಬಲಕ್ಕೆ. ಇವರಾರೂ ಕೈಕಟ್ಟಿ ಕೂತವರಲ್ಲ. ಹೆಜ್ಜೆ ತೋರಿಸೆಂದು ಕೇಳುವವನು ಹೆಜ್ಜೆಯಿಡಲು ಕಾಲೆತ್ತಿರುತ್ತಾನೆ. ನಡೆಯಲು ಮನಸ್ಸಿಲ್ಲದವನಿಗೆ ದಾರಿಯ ಬೆಳಕು ಬೇಕಾಗುವುದೇ ಇಲ್ಲ.

ಹಾಡು ಯಾರದೆಂಬ ಪ್ರಶ್ನೆ ಈ ಕಾಲದಲ್ಲಿ ಮತ್ತೆ ಮತ್ತೆ ಏಳುತ್ತದೆ. ಗಣರಾಜ್ಯೋತ್ಸವದ ಸಮಾರೋಪದಲ್ಲಿ ಸೇನಾ ವಾದ್ಯವೃಂದ ದಶಕಗಳ ಕಾಲ ನುಡಿಸುತ್ತಿದ್ದ ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಗೀತೆಯ ರಾಗವನ್ನು 2022ರಲ್ಲಿ ಕೈಬಿಡಲಾಯಿತು. ಅದರ ಸ್ಥಾನಕ್ಕೆ ‘ಏ ಮೇರೆ ವತನ್ ಕೆ ಲೋಗೋ’ ಬಂತು. ಎರಡೂ ಅಗಲಿಕೆಯ ಹಾಡುಗಳೇ. ಸಮಾರಂಭದ ಪಟ್ಟಿಯಲ್ಲಿರುವುದನ್ನು ಸೇರಿಸುವ, ತೆಗೆಯುವ ಅಧಿಕಾರ ಪಟ್ಟಿ ಮಾಡುವವರಿಗೆ ಇದ್ದೇ ಇರುತ್ತದೆ. ಆದರೆ ಭಾಷೆಯ ಒಳಗೆ ಬೇರುಬಿಟ್ಟ ಹಾಡಿಗೆ ಅಂಥ ಪಟ್ಟಿಯ ಹಂಗಿಲ್ಲ. ಬಿ. ಎಂ. ಶ್ರೀ ಅವರ ಪ್ರಾರ್ಥನೆಯನ್ನು ಯಾವ ಆದೇಶವೂ ಕನ್ನಡಿಗರ ಮೇಲೆ ಹೇರಲಿಲ್ಲ. ಸುಗಮ ಸಂಗೀತದ ವೇದಿಕೆಗೆ, ಶಾಲೆಯ ಅಂಗಳಕ್ಕೆ, ಸಾವಿನ ಮನೆಯ ಮೌನಕ್ಕೆ ಅದು ತಾನಾಗಿ ಬಂತು. ಗುರುರಾಜ ಕರಜಗಿಯವರ ಜನಪ್ರಿಯ ಅಂಕಣಕ್ಕೆ ಹೆಸರಾಗುವಷ್ಟು ಅದು ನಮ್ಮ ಮಾತಾಯಿತು.

ಮೊದಲಿಗೆ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಈ ಪ್ರಾರ್ಥನೆಯ ಪರಕೀಯತೆಯನ್ನು ನಾವು ಮರೆತದ್ದಕ್ಕೆ ಕಾರಣಗಳು ಮೂರು. ಅದರ ಮೂಲದಲ್ಲೇ ದೇವರಿಗೆ ಯಾವ ಮತದ ಹೆಸರೂ ಇರಲಿಲ್ಲ. ಬೆಳಕೆಂಬ ಒಂದೇ ಸಂಬೋಧನೆ ಇತ್ತು, ಮತ್ತು ತಮಸ್ಸಿನಿಂದ ಜ್ಯೋತಿಗೆ ನಡೆಸೆಂದು ಉಪನಿಷತ್ತಿನ ಕಾಲದಿಂದ ಬೇಡುತ್ತ ಬಂದ ನಾಡಿಗೆ ಅದು ಹೊಸತಾಗಿರಲಿಲ್ಲ. ಅದು ಕೇಳಿದ್ದು ಅತ್ಯಲ್ಪ, ಆದ್ದರಿಂದ ಎಲ್ಲರೂ ಕೇಳಬಹುದಾಗಿತ್ತು. ಕೊನೆಯದಾಗಿ, ಅದನ್ನು ತಂದವರು ಬೋಧಕರಾಗಿ ಬರದೆ ಕವಿಯಾಗಿ ಬಂದರು. ಕನ್ನಡದ ಗಣದಲ್ಲಿ ನಡೆಸಿ, ಕನ್ನಡದ ನುಡಿಗಟ್ಟಿನಿಂದ ಅದಕ್ಕೆ ಒಂದು ಕೈ ಕೊಟ್ಟರು. ಮಿಷನ್ನಿನ ಗೀತೆಗಳು ತಮ್ಮ ಜನರನ್ನು ಕಾಪಾಡಿದವು. ಈ ಗೀತೆ ಎಲ್ಲರ ಜನವಾಯಿತು. ಒಂದು ಇನ್ನೊಂದಕ್ಕಿಂತ ಮೇಲಲ್ಲ.

ಹೊರನಾಡಿನಲ್ಲಿ ಬದುಕುವ ನಾವು ಮಕ್ಕಳಿಗೆ ಏನನ್ನು ದಾಟಿಸಬೇಕೆಂದು ಆಗಾಗ ಚರ್ಚಿಸುತ್ತೇವೆ. ಹಬ್ಬದ ಅಡುಗೆ, ಯಕ್ಷಗಾನ, ರಾಜ್ಯೋತ್ಸವದ ಭಾಷಣ ಎಲ್ಲವೂ ಇರಲಿ. ಅವುಗಳ ಜೊತೆಗೆ, ಹೊರಗಿನಿಂದ ಬಂದುದನ್ನು ಹೆದರದೆ ಒಳಕ್ಕೆ ಕರೆದು ತನ್ನ ಲಯವನ್ನು ಕಲಿಸಿ ಮನೆಮಗುವಾಗಿಸಿಕೊಂಡ ಕನ್ನಡದ ಈ ಗುಣವನ್ನೂ ದಾಟಿಸಬೇಕು. ಪರಊರಿಗೆ ಬಂದು ಅದನ್ನೇ ಊರಾಗಿಸಿಕೊಂಡ ನಮಗೆ ಅದರ ಬೆಲೆ ಹೆಚ್ಚು ತಿಳಿಯಬೇಕು. ಗಾಳಿ ನಿಂತ ದೋಣಿಯಲ್ಲಿ ಕುಳಿತ ಒಬ್ಬ ಅನಾರೋಗ್ಯದ ಯುವಕನ ಮಾತು ಇನ್ನೂರು ವರ್ಷಗಳ ಹೊಸ್ತಿಲಲ್ಲಿ, ಅವನೆಂದೂ ಕೇಳದ ಭಾಷೆಯಲ್ಲಿ, ಅವನ ಹೆಸರನ್ನೂ ಅರಿಯದ ಮಕ್ಕಳ ಬಾಯಲ್ಲಿ ಬಾಳುತ್ತಿದೆ.